ಕಟ್ಟುವ ಹಣ, ಕಾಯುವ ಹಣ

ಹಳೇಬೀಡಿಗೆ ಪ್ರವಾಸ ಬಂದ ಶಾಲಾ ಮಕ್ಕಳು ಹೊಯ್ಸಳೇಶ್ವರ ದೇವಾಲಯವನ್ನು ಒಂದು ಸುತ್ತು ಹಾಕಿ, ದೊಡ್ಡ ನಂದಿಯ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡು, ಕಡಲೆಕಾಯಿ ಪೊಟ್ಟಣ ಹಿಡಿದು ಮತ್ತೆ ಬಸ್ಸು ಹತ್ತುವುದು ರೂಢಿ. ಮುಂದಿನ ಊರು ಬೇಲೂರು, ಹೊತ್ತು ಮೀರಬಾರದು. ಆದರೆ ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಬಸ್ತಿಹಳ್ಳಿ ಸಿಗುತ್ತದೆ. ಹೆಸರೇ ಹೇಳುವಂತೆ ಅದು ಬಸದಿಗಳ ಹಳ್ಳಿ. ಪಾರ್ಶ್ವನಾಥ, ಆದಿನಾಥ, ಶಾಂತಿನಾಥರ ಮೂರು ಬಸದಿಗಳು ಒಂದೇ ಅಂಗಳದಲ್ಲಿ ನಿಂತಿವೆ. ಜನಜಂಗುಳಿ ಇಲ್ಲ. ಪಾರ್ಶ್ವನಾಥ ಬಸದಿಯ ಒಳಗೆ ಹೋದ ಮಕ್ಕಳು ಕರಿಕಲ್ಲಿನ ಕಂಬಗಳ ಮುಂದೆ ನಿಂತು ಬಿಡುತ್ತಾರೆ. ಕಲ್ಲಿಗೆ ಕೊಟ್ಟ ಹೊಳಪು ಎಷ್ಟೆಂದರೆ, ಒಂಬತ್ತು ಶತಮಾನ ಕಳೆದರೂ ಅದರಲ್ಲಿ ಮುಖ ಕಾಣುತ್ತದೆ.

ಈ ಬಸದಿ ಕಟ್ಟಿಸಿದ್ದು 1133ರಲ್ಲಿ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ತೀರಿಕೊಂಡಾಗ ಅವನ ಮಗ ಬೊಪ್ಪದೇವ ತಂದೆಯ ನೆನಪಿಗೆಂದು ಇದನ್ನು ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದ ದೊರೆಯ ಕೈ ಸೇರಿದ ಹೊತ್ತಿಗೆ ಅವನಿಗೆ ಯುದ್ಧದಲ್ಲಿ ಜಯವೂ ಆಗಿತ್ತು, ಗಂಡುಮಗುವೂ ಹುಟ್ಟಿತ್ತು. ಸಂತೋಷಗೊಂಡ ದೊರೆ ದೇವರಿಗೆ ವಿಜಯಪಾರ್ಶ್ವ ಎಂದು ಹೆಸರಿಟ್ಟು, ಜಾವಗಲ್ಲನ್ನು ದತ್ತಿಯಾಗಿ ಬಿಟ್ಟುಕೊಟ್ಟ ಎಂಬುದು ಶಾಸನದ ಮಾತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಬಸದಿ ಕಟ್ಟಿ ಮುಗಿದಿತ್ತು. ಹಾಗಿದ್ದ ಮೇಲೆ ಊರನ್ನು ಬಿಟ್ಟುಕೊಡುವ ಅಗತ್ಯವೇನಿತ್ತು? ಕರ್ನಾಟಕದ ಶಾಸನಗಳನ್ನು ಓದುವವರಿಗೆ ಇದಕ್ಕೆ ಉತ್ತರ ಗೊತ್ತು. ದೇವಾಲಯಕ್ಕೋ ಬಸದಿಗೋ ಭೂಮಿ ಬಿಡುವಾಗ ಅದರ ಉತ್ಪತ್ತಿ ಯಾವುದಕ್ಕೆ ಎಂದು ಹೇಳುವ ಪದ್ಧತಿ ಇತ್ತು: ಪೂಜೆಗೆ, ಋಷಿಗಳ ಆಹಾರಕ್ಕೆ, ಮತ್ತು ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆ. ಮುರಿದದ್ದು, ಬಿರುಕು ಬಿಟ್ಟದ್ದು, ಹಳತಾದದ್ದನ್ನು ಸರಿಪಡಿಸುವುದಕ್ಕೆ ಎಂದು ಇದರ ಅರ್ಥ. ಕಟ್ಟುವ ದಿನವೇ, ಇದು ಮುಂದೆ ಬಿರುಕು ಬಿಡುತ್ತದೆ ಎಂದು ಒಪ್ಪಿಕೊಂಡು ಅದಕ್ಕೆ ಹಣ ಎತ್ತಿಟ್ಟ ಜನ ಅವರು. ಜೈನರು ಹೇಳುವ ನಾಲ್ಕು ದಾನಗಳಲ್ಲಿ ಆಹಾರ, ಅಭಯ, ಶಾಸ್ತ್ರಗಳ ಜೊತೆ ಭೈಷಜ್ಯವೂ ಸೇರಿದೆ. ಭೈಷಜ್ಯವೆಂದರೆ ಔಷಧ. ಹಸಿದವನಿಗೆ ಅನ್ನ ಕೊಡುವುದರ ಸಮಕ್ಕೆ ಕಾಯಿಲೆಯವನಿಗೆ ಮದ್ದು ಕೊಡುವುದನ್ನೂ ಎಣಿಸಲಾಗಿತ್ತು.

ಇಂದು ಆ ಭೈಷಜ್ಯದ ಹೊಣೆ ಸರ್ಕಾರದ್ದು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಆಸ್ಪತ್ರೆ, ಔಷಧಾಲಯಗಳು ರಾಜ್ಯಪಟ್ಟಿಯಲ್ಲಿವೆ. ಹಣ ಬರುವುದು ಜನರ ತೆರಿಗೆಯಿಂದ. ಆ ಹಣದಲ್ಲಿ ಕಟ್ಟುವುದಕ್ಕೆ ಎಷ್ಟು, ಕಟ್ಟಿದ್ದನ್ನು ಕಾಯುವುದಕ್ಕೆ ಎಷ್ಟು ಎಂಬ ಬೊಪ್ಪದೇವನ ಕಾಲದ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಸಾಮರ್ಥ್ಯ ಎಂದರೇನು?

ಸರ್ಕಾರದ ಕಾಗದಪತ್ರಗಳಲ್ಲಿ ‘ಆರೋಗ್ಯ ವ್ಯವಸ್ಥೆಯ ಸಾಮರ್ಥ್ಯವರ್ಧನೆ’ ಎಂಬ ಮಾತು ಮೇಲಿಂದ ಮೇಲೆ ಬರುತ್ತದೆ. ಮಾತು ಭಾರವಾಗಿದೆ, ಅರ್ಥ ಸರಳ. ಬಸ್ತಿಹಳ್ಳಿಯಂಥ ಒಂದು ಊರಿನಲ್ಲಿ ಮಗುವೊಂದಕ್ಕೆ ಮೂರು ದಿನದಿಂದ ಜ್ವರ ಎಂದು ಭಾವಿಸಿದರೆ ಅದು ಅರ್ಥವಾಗುತ್ತದೆ. ಮೊದಲು ಬರುವವಳು ಆಶಾ ಕಾರ್ಯಕರ್ತೆ. ಸುಮಾರು ಸಾವಿರ ಜನಕ್ಕೆ ಒಬ್ಬಳು. ಅವಳ ಮೇಲೆ ಉಪಕೇಂದ್ರ. ಬಯಲುಸೀಮೆಯಲ್ಲಿ ಐದು ಸಾವಿರ ಜನಕ್ಕೆ, ಗುಡ್ಡಗಾಡಿನಲ್ಲಿ ಮೂರು ಸಾವಿರಕ್ಕೆ ಒಂದು. ಅದರ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರ. ಮೂವತ್ತು ಸಾವಿರಕ್ಕೆ ಅಥವಾ ಇಪ್ಪತ್ತು ಸಾವಿರಕ್ಕೆ ಒಂದು. ಆಮೇಲೆ ಸಮುದಾಯ ಆರೋಗ್ಯ ಕೇಂದ್ರ, ಹದಿನಾರು ಕಿಲೋಮೀಟರು ದೂರದ ಬೇಲೂರಿನಲ್ಲಿ ತಾಲ್ಲೂಕು ಆಸ್ಪತ್ರೆ, ಕೊನೆಗೆ ಹಾಸನದ ದೊಡ್ಡಾಸ್ಪತ್ರೆ.

ಇದು ಸರಪಳಿ. ಸರಪಳಿಯ ಬಲ ಅದರ ದಪ್ಪ ಕೊಂಡಿಯಲ್ಲಿಲ್ಲ, ಸಣಕಲು ಕೊಂಡಿಯಲ್ಲಿದೆ. ಹಾಸನದಲ್ಲಿ ಎಂಥ ಯಂತ್ರವಿದ್ದರೂ, ಆ ಮಗುವಿನ ರಕ್ತವನ್ನು ಹತ್ತಿರದ ಕೇಂದ್ರದಲ್ಲೇ ಪರೀಕ್ಷಿಸುವ ಲ್ಯಾಬ್ ಟೆಕ್ನೀಷಿಯನ್ ಇಲ್ಲದಿದ್ದರೆ ಜ್ವರ ಡೆಂಗಿಯೋ ಟೈಫಾಯ್ಡೋ ಎಂಬುದು ಎರಡು ದಿನ ತಡವಾಗಿ ತಿಳಿಯುತ್ತದೆ. ಆ ಎರಡು ದಿನವೇ ಕೆಲವೊಮ್ಮೆ ಜೀವದ ಬೆಲೆ.

ಹಾಗಾಗಿ ಸಾಮರ್ಥ್ಯ ಎಂಬುದು ನಾಲ್ಕು ಕಾಲಿನ ಮಂಚ. ಕಟ್ಟಡ ಒಂದು ಕಾಲು. ತರಬೇತಿ ಪಡೆದ ಜನ ಎರಡನೆಯದು. ಔಷಧ, ಉಪಕರಣ, ಅವುಗಳ ರಿಪೇರಿ ಮೂರನೆಯದು. ಯಾವ ಊರಿನಲ್ಲಿ ಯಾವ ಕಾಯಿಲೆ ಎಷ್ಟು ಜನಕ್ಕೆ ಬಂದಿದೆ ಎಂಬ ಲೆಕ್ಕ ನಾಲ್ಕನೆಯದು. ಒಂದು ಕಾಲು ಮುರಿದರೂ ಮಂಚದ ಮೇಲೆ ಮಲಗುವಂತಿಲ್ಲ. ಎಕ್ಸ್‌ರೇ ಯಂತ್ರ ಬಂದು, ಅದನ್ನು ನಡೆಸುವವನು ಬಾರದಿದ್ದರೆ ಆ ಕೋಣೆಗೆ ಬೀಗ. ಆಂಬುಲೆನ್ಸ್ ಇದ್ದು ಡೀಸೆಲ್‌ಗೆ ಹಣ ಇಲ್ಲದಿದ್ದರೆ ಅದು ನೆರಳಿಗೆ ನಿಂತ ಗಾಡಿ.

ಇದರಲ್ಲಿ ಕಟ್ಟಡಕ್ಕೆ ಮಾತ್ರ ಒಂದು ವಿಶೇಷ ಅನುಕೂಲವಿದೆ. ಅದಕ್ಕೆ ಶಂಕುಸ್ಥಾಪನೆ ಇದೆ, ಉದ್ಘಾಟನೆ ಇದೆ, ಹೆಸರು ಕೆತ್ತಿಸಲು ಕಲ್ಲಿದೆ. ದಾದಿಯ ಸಂಬಳಕ್ಕೆ ಯಾರೂ ಟೇಪು ಕತ್ತರಿಸುವುದಿಲ್ಲ.

ಪ್ಲೇಗು ಕಲಿಸಿದ ಪಾಠ

ಈ ನೆಲಕ್ಕೆ ಸಾರ್ವಜನಿಕ ಆರೋಗ್ಯದ ಖರ್ಚು ಹೊಸದಲ್ಲ. 1898ರ ಆಗಸ್ಟ್‌ನಲ್ಲಿ ಪ್ಲೇಗು ಬೆಂಗಳೂರಿಗೆ ಬಂತು. ರೈಲಿನ ದಾರಿ ಹಿಡಿದು ಬಂದ ಆ ಮಾರಿ ಸಾವಿರಾರು ಜನರನ್ನು ಕೊಂಡೊಯ್ದಿತು. ಜನ ಊರು ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿದರು. ಮೈಸೂರು ಸಂಸ್ಥಾನ ಆಗ ಎಚ್ಚೆತ್ತು, ಇಕ್ಕಟ್ಟಿನ ಪೇಟೆಯ ಆಚೆ ಗಾಳಿ ಬೆಳಕಿನ ಬಡಾವಣೆಗಳಾದ ಬಸವನಗುಡಿ, ಮಲ್ಲೇಶ್ವರಗಳನ್ನು ಬೆಳೆಸಿತು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. ಕಾಯಿಲೆ ಬಂದ ಮೇಲೆ ಮಾಡಿದ ಖರ್ಚು ಇದು. ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆ ಇದಕ್ಕೆ ಒಪ್ಪುತ್ತದೆ. ಆದರೂ ತೋಡಿದ ಬಾವಿ ಮುಂದಿನ ತಲೆಮಾರಿಗೆ ನೀರು ಕೊಟ್ಟಿತು ಎಂಬುದೂ ನಿಜ.

ಮಲೆನಾಡಿನ ಅಂಚಿನ ಊರುಗಳಿಗೆ ಪ್ಲೇಗಿಗಿಂತ ಹಳೆಯ ಶತ್ರು ಮಲೇರಿಯಾ. 1920ರ ದಶಕದ ಕೊನೆಯಲ್ಲಿ ಸಂಸ್ಥಾನವು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವು ಪಡೆದು ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆಯಿತು. ಅವುಗಳಲ್ಲಿ ಒಂದು ಬೇಲೂರಿಗೆ ನೆರೆಯ ತಾಲ್ಲೂಕಾದ ಮೂಡಿಗೆರೆಯಲ್ಲಿತ್ತು. ಹಿರಿಯೂರು, ನಾಗೇನಹಳ್ಳಿಗಳಲ್ಲಿ ಉಳಿದವು. ಯಾವ ಜಾತಿಯ ಸೊಳ್ಳೆ, ಎಂಥ ನೀರಿನಲ್ಲಿ, ಯಾವ ತಿಂಗಳಲ್ಲಿ ಬೆಳೆಯುತ್ತದೆ ಎಂದು ಮೊದಲು ತಿಳಿಯುವುದು, ಆಮೇಲೆ ಮದ್ದು. ಅದೇ ಕಾಲದಲ್ಲಿ ಮಂಡ್ಯದಲ್ಲಿ ಗ್ರಾಮಾಂತರ ಆರೋಗ್ಯ ಘಟಕ ಬಂತು. 1936ರಲ್ಲಿ ಕ್ಲೋಸ್‌ಪೇಟೆಯಲ್ಲಿ, ಎಂದರೆ ಇಂದಿನ ರಾಮನಗರದಲ್ಲಿ, ಇನ್ನೊಂದು ಬಂತು. ಅಲ್ಲಿ ಬರಿಯ ಚಿಕಿತ್ಸೆ ಅಲ್ಲ, ಕೆಲಸಗಾರರಿಗೆ ತರಬೇತಿಯೂ ನಡೆಯಿತು.

ರಾಕ್‌ಫೆಲ್ಲರ್ ನೆರವಿನ ಪದ್ಧತಿಯಲ್ಲಿ ಒಂದು ಜಾಣತನವಿತ್ತು. ಮೊದಲ ವರ್ಷ ಪ್ರತಿಷ್ಠಾನದ ಪಾಲು ಹೆಚ್ಚು. ವರ್ಷ ಕಳೆದಂತೆ ಅದರ ಪಾಲು ಇಳಿಯುತ್ತ, ಸರ್ಕಾರದ ಪಾಲು ಏರುತ್ತ, ಕೊನೆಗೆ ಇಡೀ ಖರ್ಚು ಸರ್ಕಾರದ ತಲೆಯ ಮೇಲೆ ಬರಬೇಕು. ಮಗುವಿಗೆ ನಡೆಯಲು ಕಲಿಸುವ ತಾಯಿ ಮೊದಲು ಎರಡು ಕೈ ಹಿಡಿದು, ಆಮೇಲೆ ಒಂದು ಕೈ, ಆಮೇಲೆ ಬರಿಯ ಬೆರಳು ಕೊಟ್ಟಂತೆ. ನೆರವು ಎಂದಾದರೂ ನಿಲ್ಲುತ್ತದೆ ಎಂಬುದು ಮೊದಲ ದಿನವೇ ಎರಡೂ ಕಡೆಗೆ ಗೊತ್ತಿರಬೇಕು ಎಂಬುದು ಅದರ ತಿರುಳು.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಸರ್ ಜೋಸೆಫ್ ಭೋರ್ ಸಮಿತಿ ವರದಿ ಕೊಟ್ಟಿತು. ನಲವತ್ತು ಸಾವಿರ ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಲಿ ಎಂದಿತು. ಆ ಸಮಿತಿ ಬರಿಯ ಕಟ್ಟಡದ ನಕ್ಷೆ ಕೊಡಲಿಲ್ಲ. ಇಬ್ಬರು ವೈದ್ಯರು, ನಾಲ್ವರು ಸಾರ್ವಜನಿಕ ಆರೋಗ್ಯ ದಾದಿಯರು, ನಾಲ್ವರು ಮಿಡ್‌ವೈಫ್‌ಗಳು, ನೈರ್ಮಲ್ಯ ನಿರೀಕ್ಷಕರು, ಔಷಧ ವಿತರಕ ಎಂದು ಜನರನ್ನು ಎಣಿಸಿ ಹೇಳಿತು. 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆಯೊಡನೆ ಇಂಥ ಕೇಂದ್ರಗಳು ಹಳ್ಳಿಗೆ ಬಂದವು. ಕಟ್ಟಡಗಳು ಬೆಳೆದ ವೇಗದಲ್ಲಿ ಜನರ ನೇಮಕ ಬೆಳೆಯಲಿಲ್ಲ. ಹಳ್ಳಿಯ ಆರೋಗ್ಯದ ಕತೆಯಲ್ಲಿ ಮುಂದೆ ಬಂದ ಕಷ್ಟಗಳ ಬೇರು ಇಲ್ಲಿದೆ.

ಸಾಲ ತಂದು ಕಟ್ಟಿದ್ದು

1996ರಲ್ಲಿ ಕರ್ನಾಟಕದಲ್ಲಿ ದೊಡ್ಡ ಯೋಜನೆಯೊಂದು ಆರಂಭವಾಯಿತು. ಹೆಸರು ಕರ್ನಾಟಕ ಆರೋಗ್ಯ ವ್ಯವಸ್ಥೆ ಅಭಿವೃದ್ಧಿ ಯೋಜನೆ. ವಿಶ್ವಬ್ಯಾಂಕು ಕರ್ನಾಟಕ, ಪಂಜಾಬ್, ಪಶ್ಚಿಮ ಬಂಗಾಳ ಮೂರಕ್ಕೂ ಸೇರಿ 35 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಗುಲ್ಬರ್ಗಾ ವಿಭಾಗದ ಆಸ್ಪತ್ರೆಗಳಿಗೆ ಜರ್ಮನಿಯ ನೆರವು ಬೇರೆಯಾಗಿ ಬಂತು. ವಿಶ್ವಬ್ಯಾಂಕಿನ ಯೋಜನೆ 2004ರವರೆಗೆ ನಡೆಯಿತು.

ಅದರ ಗುರಿ ಪ್ರಾಥಮಿಕ ಕೇಂದ್ರಕ್ಕೂ ದೊಡ್ಡ ವೈದ್ಯಕೀಯ ಕಾಲೇಜು ಆಸ್ಪತ್ರೆಗೂ ನಡುವಿನ ಕೊಂಡಿ: ಸಮುದಾಯ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ. ಹೊಸ ವಾರ್ಡು, ಶಸ್ತ್ರಚಿಕಿತ್ಸೆಯ ಕೋಣೆ, ಹಾಸಿಗೆ, ಉಪಕರಣಗಳ ಜೊತೆಗೆ ಇನ್ನೊಂದಿಷ್ಟು ಕಣ್ಣಿಗೆ ಕಾಣದ ಕೆಲಸಗಳೂ ಅದರಲ್ಲಿದ್ದವು. ಕೆಟ್ಟ ಉಪಕರಣಗಳ ರಿಪೇರಿಗೆ ವ್ಯವಸ್ಥೆ, ವೈದ್ಯರಿಗೂ ದಾದಿಯರಿಗೂ ತರಬೇತಿ, ಆಸ್ಪತ್ರೆಯ ಕಸವನ್ನು ಬೇರ್ಪಡಿಸಿ ವಿಲೇವಾರಿ ಮಾಡುವ ರೀತಿ, ಯಾವ ರೋಗಿಯನ್ನು ಯಾವ ಆಸ್ಪತ್ರೆಗೆ ಕಳಿಸಬೇಕೆಂಬ ನಿಯಮ ಇವೆಲ್ಲ ಸೇರಿದ್ದವು.

ಸಾಲವೆಂದ ಮೇಲೆ ತೀರಿಸಬೇಕು. ವಿಶ್ವಬ್ಯಾಂಕಿನ ಇಂಥ ಸಾಲಗಳ ಮರುಪಾವತಿ ಮೂರು ದಶಕಗಳಿಗೂ ಮೀರಿ ನಡೆಯುವಂಥದ್ದು. ಎಂದರೆ 1996ರಲ್ಲಿ ಹುಟ್ಟಿಯೇ ಇರದ ಮಕ್ಕಳು ಕೂಡ ದೊಡ್ಡವರಾಗಿ, ಸಾಬೂನು ಕೊಳ್ಳುವಾಗ ಕೊಡುವ ತೆರಿಗೆಯ ಮೂಲಕ ಅದರ ಒಂದು ತುಣುಕು ಹೊರುತ್ತಾರೆ. ಸಾಲ ಮಾಡಿ ಆಸ್ಪತ್ರೆ ಕಟ್ಟಿದ್ದು ತಪ್ಪೇನಲ್ಲ. ಮನೆ ಕಟ್ಟಲೂ ಜನ ಸಾಲ ಮಾಡುತ್ತಾರೆ. ಆದರೆ ಸಾಲದ ಮನೆಯ ಮಾಡು ಸೋರಲು ಬಿಟ್ಟರೆ ಮನೆಯೂ ಇಲ್ಲ, ಸಾಲವೂ ಉಂಟು.

ಈ ಯೋಜನೆ ನಡೆಯುತ್ತಿದ್ದ ಕಾಲದಲ್ಲೇ, 1999ರಲ್ಲಿ, ರಾಜ್ಯ ಸರ್ಕಾರ ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯಲ್ಲಿ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಕಾರ್ಯಪಡೆಯನ್ನು ನೇಮಿಸಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಕೆಲಸ ಮಾಡಿ ಹೆಸರಾದ ವೈದ್ಯರು ಅವರು. 2001ರ ಏಪ್ರಿಲ್‌ನಲ್ಲಿ ಬಂದ ವರದಿ ಸಮಾನತೆ, ಗುಣಮಟ್ಟ, ಪ್ರಾಮಾಣಿಕತೆ ಎಂಬ ಮೂರು ಮಾತುಗಳನ್ನು ತಲೆಬರಹದಲ್ಲೇ ಇಟ್ಟುಕೊಂಡಿತ್ತು. ಸರ್ಕಾರವೇ ನೇಮಿಸಿದ ಆ ಕಾರ್ಯಪಡೆ ಮುಖ್ಯ ಕೊರತೆಗಳ ಪಟ್ಟಿಯಲ್ಲಿ ಭ್ರಷ್ಟಾಚಾರವನ್ನು ಹೆಸರಿಟ್ಟು ಕರೆಯಿತು. ಸಾರ್ವಜನಿಕ ಆರೋಗ್ಯದ ಕಡೆಗಣನೆ, ಮಾನವ ಸಂಪನ್ಮೂಲದ ಕಡೆಗಣನೆ, ಹೇಳಿದ್ದಕ್ಕೂ ಮಾಡಿದ್ದಕ್ಕೂ ನಡುವಿನ ಅಂತರ ಇವೂ ಪಟ್ಟಿಯಲ್ಲಿದ್ದವು. ಹಣದ ಕೊರತೆಯೊಂದೇ ಕಾಯಿಲೆಯಲ್ಲ. ಬಂದ ಹಣ ಎಲ್ಲಿ ಸೋರುತ್ತದೆ ಎಂಬುದೂ ಕಾಯಿಲೆಯೇ ಎಂಬುದನ್ನು ಆ ವರದಿ ಮುಚ್ಚಿಡಲಿಲ್ಲ.

2006ರಲ್ಲಿ ವಿಶ್ವಬ್ಯಾಂಕಿನ ಎರಡನೆಯ ನೆರವು ಮಂಜೂರಾಯಿತು. 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, 108 ಆಂಬುಲೆನ್ಸ್ ಸೇವೆಯಾದ ‘ಆರೋಗ್ಯ ಕವಚ’ ಆರಂಭವಾಯಿತು. ಹಳ್ಳಿಯ ಹೆರಿಗೆ ನೋವಿನ ನಡುರಾತ್ರಿಗೆ ಎತ್ತಿನ ಗಾಡಿಯೋ ಬಾಡಿಗೆ ಜೀಪೋ ಗತಿಯಾಗಿದ್ದ ಕಾಲವನ್ನು ಕಂಡ ಅಜ್ಜಿಯರಿಗೆ ಆ ಮೂರು ಅಂಕಿಯ ಬೆಲೆ ಗೊತ್ತು.

ಹತ್ತು ಸಾವಿರ ರೂಪಾಯಿಯ ಕತೆ

ಕೋಟಿಗಳ ಲೆಕ್ಕ ಒಂದು ಬಗೆ. ಸಣ್ಣ ಹಣದ ಲೆಕ್ಕ ಇನ್ನೊಂದು ಬಗೆ. 2005ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭಿಸಿದಾಗ ಪ್ರತಿ ಉಪಕೇಂದ್ರಕ್ಕೆ ವರ್ಷಕ್ಕೆ 10,000 ರೂಪಾಯಿ ‘ಮುಕ್ತ ನಿಧಿ’ ಕೊಟ್ಟಿತು. ಇಂಥದ್ದಕ್ಕೇ ಖರ್ಚು ಮಾಡಿ ಎಂದು ಮೇಲಿನಿಂದ ಆಜ್ಞೆ ಇಲ್ಲ. ಆರೋಗ್ಯ ಸಹಾಯಕಿಯೂ ಪಂಚಾಯಿತಿಯವರೂ ಜಂಟಿ ಖಾತೆಯಿಂದ ತೆಗೆದು, ಅಲ್ಲಿಯ ಅಗತ್ಯ ನೋಡಿ ಬಳಸಬಹುದಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 25,000 ರೂಪಾಯಿ ಮುಕ್ತ ನಿಧಿ, ನಿರ್ವಹಣೆಗೆ ಬೇರೆ 50,000 ರೂಪಾಯಿ.

ಐದು ಸಾವಿರ ಜನಕ್ಕೆ ಹತ್ತು ಸಾವಿರ ರೂಪಾಯಿ ಎಂದರೆ ತಲೆಗೆ ಎರಡು ರೂಪಾಯಿ. ಒಂದು ಲೋಟ ಚಹಾಕ್ಕೂ ಸಾಲದ ಹಣ. ಆದರೆ ತೂಕದ ಯಂತ್ರದ ಮುಳ್ಳು ಸರಿ ಮಾಡಿಸಲು, ಪರೀಕ್ಷೆಯ ಮಂಚಕ್ಕೆ ಅಡ್ಡ ಪರದೆ ಹಾಕಲು, ಬಾಗಿಲ ಚಿಲಕ ಬದಲಿಸಲು, ಕುಡಿಯುವ ನೀರಿನ ನಲ್ಲಿ ಹಾಕಿಸಲು ಜಿಲ್ಲಾ ಕಚೇರಿಗೆ ಅರ್ಜಿ ಬರೆದು ಆರು ತಿಂಗಳು ಕಾಯುವುದು ಇದರಿಂದ ತಪ್ಪಿತು. ಪರದೆ ಇಲ್ಲ ಎಂಬ ಒಂದೇ ಕಾರಣಕ್ಕೆ ತಪಾಸಣೆಗೆ ಬಾರದ ಗರ್ಭಿಣಿಗೆ ಆ ಎರಡು ಮೀಟರು ಬಟ್ಟೆಯೇ ಆರೋಗ್ಯ ವ್ಯವಸ್ಥೆ. ಬಸದಿಯ ಶಾಸನದ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬುದು ಇಪ್ಪತ್ತೊಂದನೆಯ ಶತಮಾನದಲ್ಲಿ ತಳೆದ ರೂಪ ಇದು.

ಹಣದ ಜೊತೆಗೆ ಆರೋಗ್ಯ ರಕ್ಷಾ ಸಮಿತಿಗಳೂ ಬಂದವು. ಆಸ್ಪತ್ರೆಯ ಮಟ್ಟದಲ್ಲೇ ಕುಳಿತು, ಊರಿನವರ ಎದುರು, ಯಾವುದಕ್ಕೆ ಎಷ್ಟು ಎಂದು ತೀರ್ಮಾನಿಸುವ ಸಮಿತಿಗಳು ಇವು. ಎಲ್ಲಿ ಸಮಿತಿ ನಿಜವಾಗಿ ಸೇರುತ್ತದೆಯೋ ಅಲ್ಲಿ ಹಣ ಮಾತಾಡುತ್ತದೆ. ಎಲ್ಲಿ ಸಭೆ ಬರಿಯ ಸಹಿಯಲ್ಲಿ ಮುಗಿಯುತ್ತದೆಯೋ ಅಲ್ಲಿ ಹಣ ಮೂಕವಾಗುತ್ತದೆ.

ಮಂಗಗಳು ಸತ್ತ ವರ್ಷ

ಕಾಯಿಲೆ ಬರುವ ಮೊದಲೇ ಮಾಡಿದ ಖರ್ಚು ಹೇಗೆ ಫಲ ಕೊಡುತ್ತದೆ ಎಂಬುದಕ್ಕೂ, ಮಾಡಿದ್ದನ್ನು ಕಾಯದಿದ್ದರೆ ಏನಾಗುತ್ತದೆ ಎಂಬುದಕ್ಕೂ ಶಿವಮೊಗ್ಗ ಜಿಲ್ಲೆಯ ಒಂದೇ ಕಾಯಿಲೆ ಉದಾಹರಣೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಜೊತೆಗೆ ಸುತ್ತಲ ಹಳ್ಳಿಯ ಜನರಿಗೆ ತೀವ್ರ ಜ್ವರ. ಅದಕ್ಕೆ ಐದು ವರ್ಷ ಮೊದಲು, 1952ರಲ್ಲಿ, ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ಆರಂಭವಾಗಿತ್ತು. ಆಗ ಅದನ್ನು ಕಂಡವರಲ್ಲಿ, ಇಷ್ಟು ಖರ್ಚು ಏಕೆ ಎಂದು ಕೇಳಿದವರು ಇದ್ದಿರಲೂಬಹುದು. ಆದರೆ ಪ್ರಯೋಗಾಲಯ ಸಿದ್ಧವಿತ್ತು, ಕೆಲಸ ಬಲ್ಲ ಜನ ಇದ್ದರು. ಅದೇ ವರ್ಷ ಹೊಸ ವೈರಸ್ ಪತ್ತೆಯಾಯಿತು; ಉಣ್ಣೆಗಳಿಂದ ಹರಡುತ್ತದೆ ಎಂದು ತಿಳಿಯಿತು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಆ ಕಾಯಿಲೆಗೆ ಇಂದಿಗೂ ಕ್ಯಾಸನೂರಿನ ಹೆಸರೇ ಇದೆ. ಮುಂದೆ ಅದಕ್ಕೆ ಲಸಿಕೆಯೂ ಬಂತು.

ಕತೆಯ ಎರಡನೆಯ ಭಾಗ ಅಷ್ಟು ಹಿತವಲ್ಲ. ವರ್ಷಗಳು ಉರುಳಿದಂತೆ ಆ ಲಸಿಕೆಯ ಶಕ್ತಿ ಕುಂದಿತು. ಹೊಸದು ಸಿದ್ಧವಾಗುವ ಮೊದಲೇ 2022ರಲ್ಲಿ ಹಳೆಯದರ ಬಳಕೆಯನ್ನು ನಿಲ್ಲಿಸಬೇಕಾಯಿತು. ಆಮೇಲಿನ ಬೇಸಿಗೆಗಳಲ್ಲಿ ಮಲೆನಾಡಿನಲ್ಲಿ ಮಂಗನ ಕಾಯಿಲೆ ಮತ್ತೆ ಜೀವ ತೆಗೆಯಿತು. ಒಮ್ಮೆ ಗಳಿಸಿದ ಸಾಮರ್ಥ್ಯ ಹಿತ್ತಲ ಬಾವಿಯಂತೆ. ಹೂಳೆತ್ತದಿದ್ದರೆ ತಾನಾಗಿ ಮುಚ್ಚಿಕೊಳ್ಳುತ್ತದೆ.

2020ರಲ್ಲಿ ಬಂದ ಕೊರೋನಾ ಇದೇ ಪಾಠವನ್ನು ಇಡೀ ದೇಶಕ್ಕೆ ಓದಿಸಿತು. ಹಾಸಿಗೆಗಾಗಿ, ಆಮ್ಲಜನಕಕ್ಕಾಗಿ ಅಲೆದ ಆ ದಿನಗಳನ್ನು ಯಾವ ಮನೆಯೂ ಮರೆತಿಲ್ಲ. ಅದರ ಮರುವರ್ಷ, 2021ರ ಅಕ್ಟೋಬರ್‌ನಲ್ಲಿ, ಕೇಂದ್ರ ಸರ್ಕಾರ ಆರೋಗ್ಯ ಮೂಲಸೌಕರ್ಯಕ್ಕೆಂದು ಆಯುಷ್ಮಾನ್ ಭಾರತ್ ಹೆಸರಿನಲ್ಲೇ ಹೊಸ ಅಭಿಯಾನ ಆರಂಭಿಸಿತು. ಐದು ವರ್ಷಗಳಿಗೆ ಎತ್ತಿಟ್ಟ ಮೊತ್ತ 64,180 ಕೋಟಿ ರೂಪಾಯಿ. ಜಿಲ್ಲೆಗೊಂದು ಸಮಗ್ರ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯ, ಜಿಲ್ಲೆಗಳಲ್ಲಿ ತುರ್ತು ಚಿಕಿತ್ಸೆಯ ಕಟ್ಟಡಗಳು ಅದರಲ್ಲಿದ್ದವು. ಹದಿನೈದನೆಯ ಹಣಕಾಸು ಆಯೋಗ 2021-22ರಿಂದ 2025-26ರವರೆಗಿನ ಅವಧಿಗೆ 70,051 ಕೋಟಿ ರೂಪಾಯಿ ಆರೋಗ್ಯ ಅನುದಾನವನ್ನು ಪಂಚಾಯಿತಿ, ಪುರಸಭೆಗಳಂಥ ಸ್ಥಳೀಯ ಸಂಸ್ಥೆಗಳ ಮೂಲಕ ಕೊಡಲು ಶಿಫಾರಸು ಮಾಡಿತು. ಎರಡೂ ಅವಧಿ ಕಟ್ಟಿದ ಹಣ. ಅವಧಿ ಮುಗಿದ ಮೇಲೆ ಆ ಪ್ರಯೋಗಾಲಯದ ಟೆಕ್ನೀಷಿಯನ್ನನ ಸಂಬಳ ಯಾವ ಲೆಕ್ಕದಿಂದ, ಪರೀಕ್ಷೆಯ ರಾಸಾಯನಿಕ ಯಾವ ಲೆಕ್ಕದಿಂದ ಎಂಬುದನ್ನು ಕೇಳಬೇಕಾದದ್ದು ಕಟ್ಟಡದ ಉದ್ಘಾಟನೆಯ ದಿನವೇ.

ಜೇಬಿನ ಲೆಕ್ಕ

ಸರ್ಕಾರ ಖರ್ಚು ಮಾಡದಿದ್ದರೆ ಖರ್ಚು ನಿಲ್ಲುವುದಿಲ್ಲ. ಅದು ಮನೆಯ ಜೇಬಿಗೆ ಬೀಳುತ್ತದೆ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ 2013-14ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ನೂರಕ್ಕೆ 64.2 ಭಾಗವನ್ನು ಜನರೇ ಕೈಯಿಂದ ಕೊಟ್ಟಿದ್ದರು. 2021-22ರಲ್ಲಿ ಅದು 39.4ಕ್ಕೆ ಇಳಿಯಿತು. ಅದೇ ವರ್ಷ ಸರ್ಕಾರಗಳ ಆರೋಗ್ಯ ವೆಚ್ಚ ದೇಶದ ಒಟ್ಟು ಉತ್ಪನ್ನದ ಶೇಕಡ 1.84 ಆಗಿತ್ತು. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರ ಹೊತ್ತಿಗೆ ಶೇಕಡ 2.5 ಮುಟ್ಟಬೇಕೆಂದೂ, ಅದರಲ್ಲಿ ಮೂರನೆಯ ಎರಡು ಭಾಗ ಪ್ರಾಥಮಿಕ ಆರೋಗ್ಯಕ್ಕೆ ಹೋಗಬೇಕೆಂದೂ ಹೇಳಿತ್ತು.

ಈ ಅಂಕಿಗಳನ್ನು ಪರೀಕ್ಷೆಗಾಗಿ ಉರುಹೊಡೆಯುವ ವಿದ್ಯಾರ್ಥಿ ಒಮ್ಮೆ ಮನೆಯಲ್ಲಿ ಕೇಳಿ ನೋಡಬಹುದು: ಕಳೆದ ವರ್ಷ ಔಷಧಿ ಅಂಗಡಿಗೆ ಎಷ್ಟಾಯಿತು, ಆಸ್ಪತ್ರೆಗೆ ಹೋಗಿ ಬರಲು ಎಷ್ಟಾಯಿತು, ಅಜ್ಜನ ಆಪರೇಷನ್ನಿಗೆ ಯಾವ ಒಡವೆ ಅಡವಿಟ್ಟಿತು? ಶೇಕಡಾವಾರು ಲೆಕ್ಕ ಆಗ ಪುಸ್ತಕದಿಂದ ಎದ್ದು ಅಡುಗೆಮನೆಗೆ ಬರುತ್ತದೆ. ಒಂದು ಮಗುವಿನ ಕಾಲೇಜಿನ ಶುಲ್ಕಕ್ಕೆಂದು ಕೂಡಿಟ್ಟ ಹಣ ಒಂದೇ ಜ್ವರಕ್ಕೆ ಕರಗಿದ ಮನೆಗಳು ಹಳ್ಳಿಯಲ್ಲೂ ಇವೆ, ಪೇಟೆಯಲ್ಲೂ ಇವೆ. ಸರ್ಕಾರಿ ಆಸ್ಪತ್ರೆ ಗಟ್ಟಿಯಾಗಿದ್ದರೆ ಓದೂ ಉಳಿಯುತ್ತದೆ.

ಬಿಳಿ ಕೋಟೊಂದೇ ಅಲ್ಲ

ಪಿಯುಸಿಯಲ್ಲಿ ವಿಜ್ಞಾನ ಓದುವ ಮಕ್ಕಳ ಮನೆಯಲ್ಲಿ ಆರೋಗ್ಯ ಕ್ಷೇತ್ರ ಎಂದರೆ ಒಂದೇ ಅರ್ಥ: ನೀಟ್ ಪರೀಕ್ಷೆ, ಎಂಬಿಬಿಎಸ್ ಸೀಟು. ಸೀಟು ಸಿಗದಿದ್ದರೆ ಮನೆಯಲ್ಲಿ ಸೂತಕದ ಕಳೆ. ಆದರೆ ಬಸ್ತಿಹಳ್ಳಿಯ ಆ ಜ್ವರದ ಮಗುವಿನ ಸರಪಳಿಯನ್ನು ಮತ್ತೊಮ್ಮೆ ನೋಡಿದರೆ, ವೈದ್ಯ ಒಬ್ಬನೇ ಅಲ್ಲಿಲ್ಲ. ಮನೆಬಾಗಿಲಿಗೆ ಬರುವ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ, ದಾದಿ, ಲ್ಯಾಬ್ ಟೆಕ್ನೀಷಿಯನ್, ಫಾರ್ಮಸಿಸ್ಟ್, ಉಪಕರಣ ರಿಪೇರಿಯ ಬಯೋಮೆಡಿಕಲ್ ಎಂಜಿನಿಯರ್, ಕಾಯಿಲೆಗಳ ಲೆಕ್ಕ ಇಡುವ ಸಂಖ್ಯಾಶಾಸ್ತ್ರಜ್ಞ, ಸೊಳ್ಳೆಯನ್ನು ಓದುವ ಕೀಟಶಾಸ್ತ್ರಜ್ಞ ಎಲ್ಲರೂ ಇದ್ದಾರೆ. ನರ್ಸಿಂಗ್ ಡಿಪ್ಲೊಮಾ ಮೂರು ವರ್ಷ, ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ರಾಜ್ಯದಲ್ಲಿ 1996ರಿಂದ ಆರೋಗ್ಯ ವಿಜ್ಞಾನಕ್ಕೆಂದೇ ವಿಶ್ವವಿದ್ಯಾಲಯವಿದೆ. ಹಾಸನದಲ್ಲೇ 2006ರಿಂದ ಸರ್ಕಾರಿ ವೈದ್ಯಕೀಯ ಸಂಸ್ಥೆ ಇದೆ.

ಇಲ್ಲಿ ತಂದೆತಾಯಿಯರ ಒಂದು ಆತಂಕ ನ್ಯಾಯವಾದದ್ದು. ಯೋಜನೆಯ ಹಣದಲ್ಲಿ ಹುಟ್ಟಿದ ಎಷ್ಟೋ ಹುದ್ದೆಗಳು ಗುತ್ತಿಗೆಯವು. ವರ್ಷವರ್ಷವೂ ನವೀಕರಣ, ಕಡಿಮೆ ಸಂಬಳ, ಯೋಜನೆ ಮುಗಿದರೆ ಮುಂದೇನು ಎಂಬ ಭಯ. ಮಗಳನ್ನು ಕಷ್ಟಪಟ್ಟು ಓದಿಸಿದ ತಾಯಿಗೆ ಇದು ಸಣ್ಣ ಮಾತಲ್ಲ. ಕಟ್ಟುವ ಹಣ, ಕಾಯುವ ಹಣ ಎಂಬ ಪ್ರಶ್ನೆಯ ಅತ್ಯಂತ ಹರಿತವಾದ ಅಂಚು ಇಲ್ಲಿದೆ. ತರಬೇತಿಗೆ ಹಣ ಸುರಿದು, ತರಬೇತಿ ಪಡೆದವಳನ್ನು ಉಳಿಸಿಕೊಳ್ಳದಿದ್ದರೆ ಬಿತ್ತಿ ಬೆಳೆದು ಕೊಯ್ಯದೆ ಬಿಟ್ಟಂತೆ. ಕಲಿತ ಕೈ ಬೇರೆ ಊರಿಗೋ ಬೇರೆ ದೇಶಕ್ಕೋ ಹೋಗುತ್ತದೆ. ಬೇಲೂರು ತಾಲ್ಲೂಕಿನ ಉಪಕೇಂದ್ರದಲ್ಲಿ ಕುರ್ಚಿ ಖಾಲಿ ಉಳಿಯುತ್ತದೆ.

ಇದನ್ನು ಬದಲಿಸುವ ದಾರಿ ವಿಧಾನಸೌಧದಲ್ಲಿ ಮಾತ್ರ ಇಲ್ಲ. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ಬೀದಿದೀಪದ ಮಾತು ಮುಗಿದ ಮೇಲೆ ಒಬ್ಬರು ಎದ್ದು ನಿಂತು, ಉಪಕೇಂದ್ರಕ್ಕೆ ಈ ವರ್ಷ ಎಷ್ಟು ಹಣ ಬಂತು, ಎಷ್ಟು ಖರ್ಚಾಯಿತು, ಎಷ್ಟು ಹುದ್ದೆ ಖಾಲಿ ಇದೆ ಎಂಬ ಮೂರು ಪ್ರಶ್ನೆ ಕೇಳಿದರೆ ಸಾಕು. ಮೊದಲ ವರ್ಷ ಉತ್ತರ ಬಾರದಿರಬಹುದು. ಎರಡನೆಯ ವರ್ಷ ಯಾರಾದರೂ ಉತ್ತರ ಸಿದ್ಧ ಮಾಡಿಕೊಂಡು ಬರುತ್ತಾರೆ. ಹೈಸ್ಕೂಲಿನ ಮಕ್ಕಳು ಪೌರನೀತಿ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸವನ್ನು ಎಲ್ಲಿ ಹುಡುಕಬೇಕು?

ಬಸ್ತಿಹಳ್ಳಿಯ ಬಸದಿಗಳಿಗೆ ಬಿಟ್ಟ ದತ್ತಿಗಳು ಕಾಲದ ಹೊಡೆತಕ್ಕೆ ಎಂದೋ ಹೋದವು. 1311ರ ದಂಡಯಾತ್ರೆಯ ನಂತರ ದೋರಸಮುದ್ರವೇ ಮೆಲ್ಲಗೆ ಹಳೆಯ ಬೀಡಾಯಿತು. ಆದರೂ ಆ ಕಂಬಗಳು ಇಂದು ಹೊಳೆಯುತ್ತಿವೆ. ಪುರಾತತ್ವ ಇಲಾಖೆಯ ರಕ್ಷಣೆ ಬಂದ ಮೇಲೆ ಅಂಗಳ ಗುಡಿಸಲು, ಹುಲ್ಲು ಕೀಳಲು, ಬಿರುಕು ತುಂಬಲು ವರ್ಷವರ್ಷವೂ ಸರ್ಕಾರದ ಹಣ ಬರುತ್ತಿದೆ. ಒಂಬೈನೂರು ವರ್ಷದ ಕಲ್ಲಿಗೇ ದಿನದಿನದ ಆರೈಕೆ ಬೇಕು ಎಂದಮೇಲೆ, ಜೀವ ಉಳಿಸಬೇಕಾದ ಆಸ್ಪತ್ರೆಗೆ ಬೇಡವೇ?

ಮುಂದಿನ ಪ್ರವಾಸದಲ್ಲಿ ಹಳೇಬೀಡಿಗೆ ಬರುವ ಮೇಷ್ಟ್ರು ಬೇಲೂರಿನ ಬಸ್ಸು ಹತ್ತುವ ಮೊದಲು ಮಕ್ಕಳನ್ನು ಆ ನಾಲ್ಕು ಹೆಜ್ಜೆ ನಡೆಸಿಕೊಂಡು ಹೋಗಲಿ. ಕಂಬದಲ್ಲಿ ಮುಖ ನೋಡಿಕೊಂಡ ಮೇಲೆ, ಊರಿಗೆ ಹಿಂದಿರುಗಿ ತಮ್ಮ ಊರಿನ ಉಪಕೇಂದ್ರದ ಬಾಗಿಲನ್ನೂ ಒಮ್ಮೆ ನೋಡಿ ಬರಲು ಹೇಳಲಿ. ಅದು ತೆರೆದಿದೆಯೇ, ಒಳಗೆ ಯಾರಿದ್ದಾರೆ?